ಮೊದಲ ಮಹಡಿಯ ಸಹಿ

ಸಾರನ್ನ ಕಲಸುತ್ತಿದ್ದ ಗೋಪಾಲರಾಯರ ಕೈ ತಟ್ಟೆಯಲ್ಲೇ ನಿಂತಿತು. ಮೂಗು ಮೇಲೆತ್ತಿ ಕಿಟಕಿಯ ಕಡೆ ನೋಡಿದರು.

"ಶುರುವಾಯ್ತು," ಅಂದರು.

"ಕಿಟಕಿ ಹಾಕಿದೀನಲ್ರೀ," ಅಂದಳು ಜಲಜಾ.

"ಕಿಟಕಿ ಹಾಕಿದ್ರೆ ಮೆಟ್ಟಿಲ ಕಡೆಯಿಂದ ಬರುತ್ತೆ. ಮೆಟ್ಟಿಲ ಬಾಗಿಲು ಹಾಕಿದ್ರೆ ಬಚ್ಚಲ ಕಡೆಯಿಂದ. ಕೇಳು ನಿನ್ನ ಮಗನ್ನ, ಇವತ್ತು ಏನು ಸುಡ್ತಿದಾರೆ ಅಂತ."

ಮಗ ಪೃಥ್ವಿ ಎದುರಿಗೇ ಕೂತು ಉಣ್ಣುತ್ತಿದ್ದ. ತಲೆ ಎತ್ತಲಿಲ್ಲ. "ಅಮ್ಮ, ಅಪ್ಪಂಗೆ ಹೇಳು, ಕುರಿ ಅಂತ. ದಿನಾ ಕುರಿನೇ. ಶುಕ್ರವಾರ ಕೋಳಿನೂ ಇರುತ್ತೆ."

"ಮಜ್ಜಿಗೆ ಹಾಕ್ಲಾ?" ಅಂದಳು ಜಲಜಾ, ಯಾರಿಗೆ ಅಂತ ಹೇಳದೆ.

ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಇಂದಿರಮ್ಮ ಬೊಚ್ಚುಬಾಯಲ್ಲಿ ನಕ್ಕರು. "ಒಂದೇ ಮನೇಲಿ ಇದ್ಕೊಂಡು ಅಪ್ಪ ಮಗನಿಗೆ ಮಧ್ಯ ಒಬ್ಬಳು ಟಪಾಲಿನವಳು. ಪಾಪ, ಸಂಬಳವೂ ಇಲ್ಲ ಇವಳಿಗೆ."

ದಿಲ್ಲಿಯ ಭೋಗಲ್‌ನ ಆ ಗಲ್ಲಿಯಲ್ಲಿ, ಅವರ ಬಾಡಿಗೆ ಮನೆಯ ಕೆಳಗಿನ ಅಂಗಡಿ ಮೊದಲು ರಜಾಯಿಗೆ ಹತ್ತಿ ತುಂಬುವವನದಾಗಿತ್ತು. ಅವನು ಬಿಟ್ಟುಹೋದ ಮೇಲೆ, ಆ ಎರಡು ಸಾವಿರದ ಎಂಟರ ದಸರೆಯ ಹೊತ್ತಿಗೆ, ಕಾಬೂಲಿನಿಂದ ಬಂದ ನೂರ್ ಆಗಾ ಅಲ್ಲಿ ಹೋಟೆಲಿಟ್ಟ. ಮುಂದೆ ಇದ್ದಿಲ ಒಲೆಯ ಹತ್ತಿರ ಅವನು, ಹಿಂದಿನ ಕೋಣೆಯಲ್ಲಿ ಅಡುಗೆಗೆ ಅವನ ಹೆಂಡತಿ ಮರ್ಜಿಯಾ. ದಿಲ್ಲಿಯ ಆಸ್ಪತ್ರೆಗಳಿಗೆಂದು ಕಾಬೂಲಿನಿಂದ ಬರುವವರು ಸುತ್ತಮುತ್ತ ಕೋಣೆ ಹಿಡಿದು ಇರುತ್ತಿದ್ದರು. ತಮ್ಮೂರಿನ ರೊಟ್ಟಿ ಸಿಗುತ್ತದೆ ಅಂತ ಅವರೆಲ್ಲ ಇಲ್ಲಿಗೇ ಬಂದರು. ಮೇಲೆ, ಚಿತ್ರದುರ್ಗದಿಂದ ಬಂದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಕೂದಲು ನರೆಸಿಕೊಂಡ ಗೋಪಾಲರಾಯರ ಮನೆ. ಆ ಮನೆಗೆ ಮೊಟ್ಟೆಯೂ ಕಾಲಿಟ್ಟಿರಲಿಲ್ಲ.

ಹೊಗೆ ಮೇಲೆ ಬಂದದ್ದಷ್ಟೇ ಆಗಿದ್ದರೆ ರಾಯರು ಗೊಣಗಿಕೊಂಡು ಸುಮ್ಮನಾಗುತ್ತಿದ್ದರೇನೋ. ಆದರೆ ಮಗ ಕೆಳಗೆ ಹೋದ.

ಪೃಥ್ವಿ ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟರ ಕೈಯಿಂದ ಬೆತ್ತ ಕಿತ್ತುಕೊಂಡು ಮುರಿದು ಮನೆಗೆ ಬಂದವನು, ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಕೇಬಲ್ ಎಳೆದ, ಕೊರಿಯರ್ ಹಂಚಿದ, ಫರೀದಾಬಾದಿನ ಕಾರ್ಖಾನೆಯಲ್ಲಿ ಬೋಲ್ಟು ಎಣಿಸಿ ಡಬ್ಬಕ್ಕೆ ತುಂಬಿದ. ಎಲ್ಲಿ ಹೋದರೂ ಯಾರಾದರೊಬ್ಬರು ಏನಾದರೊಂದು ಅನ್ನುವರು, ಇವನು ತಿರುಗಿಸಿ ಎರಡು ಅನ್ನುವನು, ಅಲ್ಲಿಗೆ ಕೆಲಸ ಮುಗಿಯಿತು. ಅವನ ಬಾಯಿ ಉಪಯೋಗಕ್ಕೆ ಬಂದದ್ದು ನೂರ್ ಆಗಾನ ಹತ್ತಿರ ಮಾತ್ರ. ಆಗಾನ ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ. ಮಂಡಿಯಲ್ಲಿ ಚೌಕಾಸಿಗೆ, ಗಲ್ಲಿಗೆ ಬರುವ ಪೊಲೀಸಿನವನನ್ನು ಮಾತಾಡಿಸಲಿಕ್ಕೆ, ಒಳಗೆ ಬರಲು ಹಿಂಜರಿಯುವ ದಿಲ್ಲಿಯ ಗಿರಾಕಿಯನ್ನು ಕರೆದು ಕೂರಿಸಲಿಕ್ಕೆ ಹರಿತ ನಾಲಿಗೆಯವನೊಬ್ಬ ಬೇಕಿತ್ತು. ಪೃಥ್ವಿ ಬೆಳಿಗ್ಗೆ ಎದ್ದ ಕೂಡಲೆ ಹೋಗಬೇಕು ಅನ್ನಿಸಿದ ಮೊದಲ ಕೆಲಸ ಅದು. ಅವನು ಅಲ್ಲಿ ಸೇರಿದ ದಿನದಿಂದ ಅಪ್ಪ ಅವನ ಜೊತೆ ಮಾತು ಬಿಟ್ಟರು.

ಈಗ ಆ ಕೆಲಸಕ್ಕೇ ಕುತ್ತು ಬಂದಿತ್ತು. ಮೊಹಲ್ಲಾ ಸಮಿತಿಯ ಸೆಕ್ರೆಟರಿ ಭಾಟಿಯಾ ಹೋಟೆಲು ಮುಚ್ಚಿಸಲು ಒಂದು ಅರ್ಜಿ ಬರೆಸಿದ್ದ. ಹೊಗೆ, ವಾಸನೆ, ಗುರುತಿಲ್ಲದ ಜನರ ಓಡಾಟ ಅಂತೆಲ್ಲ ಅದರಲ್ಲಿತ್ತು. ಗಲ್ಲಿಯವರು ಬಹಳ ಮಂದಿ ಸಹಿ ಹಾಕಿದ್ದರು. ಆದರೆ ದಿಲ್ಲಿಯ ಆಚೆ ತುದಿಯ ರೋಹಿಣಿ ಬಡಾವಣೆಯಲ್ಲಿದ್ದ ಮನೆ ಮಾಲೀಕ ಒಂದೇ ಮಾತು ಹೇಳಿದ್ದ: "ಎದುರು ಮನೆಯವರ ಮೂಗು ಕಟ್ಟಿಕೊಂಡು ನನಗೇನು? ಒಲೆಯ ಮೇಲೇ ಕೂತಿರೋರು ಗೋಪಾಲ್ ಜೀ. ಅವರು ಬೇಡ ಅಂದ್ರೆ ಖಾಲಿ ಮಾಡಿಸ್ತೀನಿ. ಅವರಿಗಿಲ್ಲದ ತೊಂದರೆ ಬೇರೆಯವರಿಗೆ ಯಾಕೆ?"

ಹಾಗಾಗಿ ಅರ್ಜಿಯಲ್ಲಿ ಮೊದಲ ಮಹಡಿಯ ಜಾಗ ಖಾಲಿ ಇತ್ತು. ಭಾಟಿಯಾ ಹಾಲಿನ ಬೂತಿನ ಹತ್ತಿರ ರಾಯರನ್ನು ದಿನಾ ಹಿಡಿಯುತ್ತಿದ್ದ. "ಸೋಚ್ ಕೇ ಬತಾತಾ ಹೂಂ," ಯೋಚಿಸಿ ಹೇಳ್ತೀನಿ, ಅಂತ ರಾಯರು ದಿನಾ ತಪ್ಪಿಸಿಕೊಳ್ಳುತ್ತಿದ್ದರು.

"ಏನಮ್ಮ ಯೋಚನೆ ಮಾಡೋದು ಇವರು?" ಪೃಥ್ವಿ ಅಡುಗೆಮನೆಯಲ್ಲಿ ಅಮ್ಮನ ಮೇಲೆ ಹರಿಹಾಯ್ದ. "ಹಾಕಲ್ಲ ಅಂತ ಒಂದು ಮಾತು ಅನ್ನೋಕೆ ಅಷ್ಟು ಕಷ್ಟವಾ?"

"ಹಾಕ್ತೀನಿ ಅಂತಾನೂ ಅಂದಿಲ್ಲವಲ್ಲ. ಆ ಕಾಯಿ ತುರಿ ಮೊದಲು."

ಜಲಜಾಳಿಗೆ ಬೇರೆಯದೇ ತಾಪತ್ರಯ. ಹೋಟೆಲು ತೆರೆದ ದಿನ ಮರ್ಜಿಯಾ ದೊಡ್ಡದೊಂದು ತಟ್ಟೆ ಕಳಿಸಿದ್ದಳು. ಗುಡ್ಡದ ಹಾಗೆ ಅನ್ನ, ಮೇಲೆ ಉದ್ದುದ್ದ ಹೆಚ್ಚಿದ ಗಜ್ಜರಿ, ಒಣದ್ರಾಕ್ಷಿ. ಮುಚ್ಚಲಿಕ್ಕೆ ಮೊಳದುದ್ದದ ರೊಟ್ಟಿ. ಬಾಗಿಲಿಗೆ ಬಂದ ಹೆಂಗಸನ್ನು ಬೇಡ ಅಂತ ಹಿಂದೆ ಕಳಿಸುವುದು ಹೇಗೆ? ಇಸಿದುಕೊಂಡಳು. ತಿನ್ನುವ ಹಾಗಿಲ್ಲ, ಆದ್ದರಿಂದ ಇಸ್ತ್ರಿಯವನಿಗೆ ಕೊಟ್ಟುಬಾ ಅಂತ ಪೃಥ್ವಿಯ ಕೈಗಿತ್ತಳು. ತಟ್ಟೆ ತೊಳೆದದ್ದಾಯಿತು. ಬರಿದು ತಟ್ಟೆ ವಾಪಸು ಕೊಡುವ ರೂಢಿ ಅವಳ ತವರಿನಲ್ಲೂ ಇರಲಿಲ್ಲ, ಅತ್ತೆಮನೆಯಲ್ಲೂ ಇರಲಿಲ್ಲ. ಕೋಡುಬಳೆ ಹಾಕಿ ಕಳಿಸಿದಳು. ಕೆಳಗಿನವಳಿಗೂ ಅದೇ ರೂಢಿ. ಕೋಡುಬಳೆ ಬಂದ ತಟ್ಟೆಯನ್ನು ಬರಿದಾಗಿ ಇಟ್ಟುಕೊಳ್ಳಲಾರದೆ ಅವಳು ಮತ್ತೆ ಅನ್ನ ಹಾಕಿ ಕಳಿಸಿದಳು. ಜಲಜಾ ಚಕ್ಕುಲಿ ಕಳಿಸಿದಳು. ಅವಳು ಏನೋ ಹುರಿದದ್ದು ಕಳಿಸಿದಳು. ಜಲಜಾ ಅವಲಕ್ಕಿ ಕಳಿಸಿದಳು. ದೀಪಾವಳಿ ಮುಗಿದು ಚಳಿ ಬಂದರೂ ಆ ತಟ್ಟೆ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಲೇ ಇತ್ತು.

"ನಮ್ಮನೇಲಿ ತಿನ್ನೋಕಿಲ್ಲ, ಕಾಬೂಲಿನವರಿಗೆ ಕೋಡುಬಳೆ ಹೊಸೆದು ಹೊಸೆದು ನನ್ನ ಬೆರಳು ಬಿದ್ದುಹೋದವು," ಅಂದಳು ಜಲಜಾ. "ಇದು ನಿಲ್ಲೋದು ಹೇಗೆ ಅತ್ತೆ?"

"ಒಂದು ಸಲ ಬರಿದು ತಟ್ಟೆ ಕಳಿಸು. ತಾನೇ ನಿಲ್ಲುತ್ತೆ."

"ಬರಿದು ಹೇಗೆ ಕಳಿಸ್ಲಿ?"

"ಹಾಗಾದ್ರೆ ಹೊಸಿ," ಅಂದರು ಅಜ್ಜಿ.

ಇಸ್ತ್ರಿಯವನಿಗೆ ಆ ಅನ್ನದ ಒಂದು ಅಗುಳೂ ತಲುಪಿರಲಿಲ್ಲ. ಮೊದಲ ದಿನವೇ ಪೃಥ್ವಿ ಮೆಟ್ಟಿಲ ತಿರುವಿನಲ್ಲಿ ಕೂತು ಗಜ್ಜರಿ ಮತ್ತು ದ್ರಾಕ್ಷಿಯ ಕೆಳಗೆ ಕೈ ಹಾಕಿದ್ದ. ತಳದಲ್ಲಿ ಅಡಗಿಸಿಟ್ಟಿದ್ದ ಕುರಿಯ ತುಂಡು ಬೆರಳಿಗೆ ತಾಗಿತ್ತು. ಅದು ಎಷ್ಟು ಮೃದುವೆಂದರೆ ಅಗಿಯುವ ಮೊದಲೇ ಬಾಯಲ್ಲಿ ಕರಗಿತ್ತು. ಅಂದಿನಿಂದ ಅವನೇ ಇಸ್ತ್ರಿಯವನು.

ಇದು ಹೊರಬಿದ್ದದ್ದು ಬಸವಲಿಂಗಪ್ಪ ಬಂದ ಭಾನುವಾರ. ಬಸವಲಿಂಗಪ್ಪ ರಾಯರ ಕಚೇರಿಯವರೇ, ಗಲ್ಲಿಯ ಆ ತುದಿಯ ಮನೆ. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ವಿಷಯಕ್ಕೆ ಬಂದರು.

"ಗೋಪಾಲರಾಯರೇ, ಒಂದು ಸಹಿಗೆ ಇಷ್ಟು ದಿನವಾ? ನಾನೇ ಹಾಕಿದೀನಿ."

"ಅಂಕಲ್, ನಿಮ್ಮನೆಗೆ ಹೊಗೆ ಬರುತ್ತಾ?" ಪೃಥ್ವಿ ಬಾಗಿಲಲ್ಲೇ ನಿಂತು ಕೇಳಿದ.

"ಹೊಗೆ ಒಂದೇ ಅಲ್ಲಪ್ಪ. ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಬಾಂಬು ಸಿಡಿದದ್ದು ಮರೆತೆಯಾ? ಯಾರು ಬರ್ತಾರೆ, ಯಾರು ಹೋಗ್ತಾರೆ, ನಮಗೇನು ಗೊತ್ತು?"

"ನನಗೆ ಗೊತ್ತು. ಕಿಡ್ನಿ ಕೆಟ್ಟೋರು ಬರ್ತಾರೆ. ಮಗನಿಗೆ ಹೃದಯದ ಆಪರೇಷನ್ ಮಾಡಿಸೋಕೆ ಬಂದೋರು ಬರ್ತಾರೆ. ಬಾಂಬು ಹಾಕೋನು ಎರಡು ನಾನ್ ಕಟ್ಟಿಸ್ಕೊಂಡು ಆಸ್ಪತ್ರೆ ದಾರಿ ಕೇಳಲ್ಲ ಅಂಕಲ್."

"ಜಲಜಾ," ಅಂದರು ರಾಯರು, "ದೊಡ್ಡೋರ ಹತ್ರ ಹೇಗೆ ಮಾತಾಡ್ಬೇಕು ಅಂತ ಹೇಳು ಅವನಿಗೆ."

"ಅಮ್ಮ, ದೊಡ್ಡೋರಿಗೂ ಹೇಳು. ಅವರ ಮನೆ ಊಟ ರುಚಿ ನೋಡ್ದೆ, ಮುಖ ನೋಡ್ದೆ, ಬರೀ ಮೂಗಿನ ಮೇಲೆ ತೀರ್ಮಾನ."

"ನೀನು ನೋಡಿದೀಯೇನೋ ರುಚಿ?" ಬಸವಲಿಂಗಪ್ಪ ನಗುತ್ತ ಕೇಳಿದರು.

ಪೃಥ್ವಿಗೆ ಆ ನಗು ತಡೆಯಲಾಗಲಿಲ್ಲ. "ಹ್ಞೂಂ, ನೋಡಿದೀನಿ. ಅಮ್ಮ ಇಸ್ತ್ರಿಯವನಿಗೆ ಅಂತ ಕಳಿಸಿದ್ದೆಲ್ಲ ನಾನೇ ತಿಂದೆ. ಕುರಿನೂ ತಿಂದೆ."

ಜಲಜಾಳ ಕೈಯ ಕಾಫಿ ಲೋಟ ಲೋಟಕ್ಕೆ ತಾಗಿ ಸದ್ದಾಯಿತು. ಬಸವಲಿಂಗಪ್ಪ ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಅವರು ಗಲ್ಲಿ ದಾಟುವವರೆಗೆ ರಾಯರು ಕಾದರು. ಆಮೇಲೆ ಹೆಂಡತಿಯನ್ನು ಕರೆದು, "ಅವನ ತಟ್ಟೆ ಲೋಟ ಬೇರೆ ಇಡು," ಅಂದರು.

ಅಂದಿನಿಂದ ಪೃಥ್ವಿಯ ತಟ್ಟೆ ಅಡುಗೆಮನೆಯ ಶೆಲ್ಫಿನಿಂದ ಬಚ್ಚಲ ನಲ್ಲಿಯ ಹತ್ತಿರಕ್ಕೆ ಹೋಯಿತು. ಉಂಡು ತಾನೇ ತೊಳೆದು ಅಲ್ಲೇ ಬೋರಲು ಹಾಕಬೇಕು. ಜಲಜಾ ಮೇಲಿನಿಂದ ಬಡಿಸುವಳು, ಸೌಟು ತಾಗದ ಹಾಗೆ. ಮೊದಲ ದಿನ ಬಡಿಸುವಾಗ ಅವಳ ಕಣ್ಣು ತುಂಬಿತ್ತು. ಮೂರನೆಯ ದಿನಕ್ಕೆ ಅಭ್ಯಾಸವಾಯಿತು. ಪೃಥ್ವಿಗೆ ಅದೇ ಹೆಚ್ಚು ಉರಿದದ್ದು. ತಟ್ಟೆ ತೊಳೆಯುವಾಗ ಇಡೀ ಮನೆಗೆ ಕೇಳುವಂತೆ ಕುಕ್ಕುತ್ತಿದ್ದ.

"ತಟ್ಟೆ ಮೇಲೆ ಸಿಟ್ಟು ಯಾಕೋ?" ಅಂದರು ಅಜ್ಜಿ.

"ಮನುಷ್ಯರ ಮೇಲೆ ತೋರಿಸ್ಲಾ?"

"ತೋರಿಸು. ಆದ್ರೆ ಮೊದಲು ಒಂದು ಹೇಳು. ಕೆಳಗಿನವಳ ಹತ್ರ ಹಲ್ಲಿಲ್ಲದೋರಿಗೆ ಆಗೋ ಅಂಥದು ಏನಾದ್ರೂ ಇದೆಯಾ? ಮಾಂಸ ಬೇಡಪ್ಪ."

ಪೃಥ್ವಿ ಅಜ್ಜಿಯ ಮುಖ ನೋಡಿದ. ಅಜ್ಜಿ ಹುಡುಗಾಟ ಆಡುತ್ತಿರಲಿಲ್ಲ. ದಿನಾ ಮಧ್ಯಾಹ್ನ ಬಿಸಿಲಿಗೆ ಬಾಲ್ಕನಿಯಲ್ಲಿ ಕೂತು, ಕೆಳಗೆ ಮರ್ಜಿಯಾ ಬದನೆಕಾಯಿ ಹೆಚ್ಚುವುದನ್ನು, ಮೊಸರು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವುದನ್ನು ನೋಡಿ ನೋಡಿ ಅವರಿಗೆ ಆಸೆ ಹುಟ್ಟಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯೇ ಮಾತೆತ್ತಿದರು. "ಗೋಪಾಲ, ಭಾನುವಾರ ಕೆಳಗೆ ಊಟಕ್ಕೆ ಹೋಗೋಣ."

"ಅಮ್ಮ, ನಿನಗೇನು ಬುದ್ಧಿ ಕೆಟ್ಟಿದೆಯಾ?"

"ಮುಚ್ಚಿಸ್ತೀಯೋ ಬಿಡ್ತೀಯೋ ನಿನ್ನಿಷ್ಟ. ಮುಚ್ಚಿದ ಮೇಲೆ ನಾನು ಎಲ್ಲಿ ಹೋಗಿ ತಿನ್ನಲಿ, ಕಾಬೂಲಿಗಾ? ಇವಳು ಅವರಿಗೆ ಕೋಡುಬಳೆ ತಿನ್ನಿಸಿದ್ದಾಳೆ. ನಾವು ಅವರದು ಒಂದು ತುತ್ತು ತಿಂದಿಲ್ಲ. ತರಕಾರಿ ತಿಂದ್ರೆ ಜಾತಿ ಹೋಗಲ್ಲ."

"ಅದೇ ಬಾಣಲೆ, ಅದೇ ಸೌಟು."

"ಹೊಸ ಬಾಣಲೆ ತರ್ತೀನಿ," ಅಂದ ಪೃಥ್ವಿ. ಎಷ್ಟೋ ದಿನಗಳ ಮೇಲೆ ನೇರವಾಗಿ ಅಪ್ಪನಿಗೇ ಅಂದ ಮಾತು. "ಒಂದು ಸಲ ಬಂದು ಊಟ ಮಾಡಿ. ಆಮೇಲೆ ಸಹಿ ಹಾಕೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಕೇಳಲ್ಲ."

ರಾಯರು ತಟ್ಟೆಯ ಕಡೆ ಬಗ್ಗಿ ಅನ್ನ ಕಲಸಿದರು. ಆದರೆ ತಾಯಿಯ ಮಾತು ಮೀರಿ ಅವರಿಗೆ ಅಭ್ಯಾಸವಿರಲಿಲ್ಲ.

ಭಾನುವಾರ ಮಧ್ಯಾಹ್ನ ಗಿರಾಕಿಗಳೆಲ್ಲ ಉಂಡು ಹೋದ ಮೇಲೆ ಮನೆಮಂದಿ ಕೆಳಗಿಳಿದರು. ಗೋಡೆಯ ಉದ್ದಕ್ಕೂ ಕಟ್ಟಿದ ಜಗಲಿ, ಅದರ ಮೇಲೆ ಕೆಂಪು ಜಮಖಾನ. ಚಪ್ಪಲಿ ಬಿಟ್ಟು ಹತ್ತಿ ಚಕ್ಕಳಮಕ್ಕಳ ಹಾಕಿ ಕೂರಬೇಕು. "ಇದು ಪರವಾಗಿಲ್ಲ," ಅಂದರು ಅಜ್ಜಿ, "ಕುರ್ಚಿ ಮೇಲೆ ಕೂತು ತಿನ್ನೋದಕ್ಕಿಂತ ಮರ್ಯಾದಸ್ತರ ಪದ್ಧತಿ." ನೂರ್ ಆಗಾ ತಾನೇ ಹೂಜಿ ತಂದು ಒಬ್ಬೊಬ್ಬರ ಕೈಗೂ ಬಿಸಿನೀರು ಹೊಯ್ದ. ಜಗಲಿಯ ನಡುವೆ ಹಾಳೆ ಹಾಸಿದ. ಮರ್ಜಿಯಾ ದೊಡ್ಡದೊಂದು ಹರಿವಾಣ ತಂದು ನಡುವೆ ಇಟ್ಟಳು. ಪೃಥ್ವಿ ತಂದ ಹೊಸ ಬಾಣಲೆಯಲ್ಲಿ ಕರಿದ ಬದನೆಕಾಯಿಯ ಬಿಲ್ಲೆಗಳು, ಮೇಲೆ ಗಟ್ಟಿ ಮೊಸರು, ಅದರ ಮೇಲೆ ಒಣಗಿಸಿದ ಪುದೀನ. ಬೊರಾನಿ ಅಂತ ಹೆಸರು. ಪಕ್ಕದಲ್ಲಿ ಬೊಲಾನಿ, ಆಲೂಗಡ್ಡೆ ತುಂಬಿ ತವೆಯ ಮೇಲೆ ಕಾಯಿಸಿದ್ದು. ಎಲ್ಲರೂ ಅದೊಂದೇ ಹರಿವಾಣಕ್ಕೆ ಕೈ ಹಾಕಿ ತಿನ್ನಲಿ ಅಂತ ಅವರ ಸಡಗರ.

ಜಲಜಾ ಚೀಲದಿಂದ ಒಂದೊಂದಾಗಿ ಸ್ಟೀಲು ತಟ್ಟೆ ತೆಗೆದು ಗಂಡನ ಮುಂದೆ, ಅತ್ತೆಯ ಮುಂದೆ, ತನ್ನ ಮುಂದೆ ಇಟ್ಟಳು. ಸ್ವಲ್ಪ ತಡೆದು ಮಗನ ಮುಂದೆಯೂ ಒಂದು ಇಟ್ಟಳು. ಅಡುಗೆಮನೆಯ ಶೆಲ್ಫಿನದೇ.

ನೂರ್ ಆಗಾನ ಮುಖ ಬಿಗಿಯಿತು. "ನಮ್ಮ ತಟ್ಟೆ ಗಲೀಜಾ?" ಅಂತ ಪೃಥ್ವಿಯನ್ನು ಕೇಳಿದ.

"ಏನಂತಾನೆ?" ಅಂದರು ಅಜ್ಜಿ. ಪೃಥ್ವಿ ಹೇಳಿದ. "ಅವನಿಗೆ ಹೇಳು, ನಾನು ಹೆತ್ತ ಮಗನ ತಟ್ಟೆಗೂ ಕೈ ಹಾಕೋಳಲ್ಲ. ಎಂಜಲು ನಮಗಾಗಲ್ಲ. ಅವನೊಬ್ಬನದೇ ಅಂತ ಅಲ್ಲ."

ಪೃಥ್ವಿ ಹಿಂದಿಯಲ್ಲಿ ಹೇಳಿದ. ಆಗಾ ಒಬ್ಬೊಬ್ಬರ ಮುಖವನ್ನೂ ನೋಡಿದ. "ಹಾಗಾದ್ರೆ ಮನೇಲಿ ಎಲ್ಲರೂ ಕೂಡಿ ಕೂತು ಏನು ಮಾಡ್ತೀರಿ?"

"ಬೇರೆ ಬೇರೆ ತಟ್ಟೆ ಇಟ್ಕೊಂಡು ಜಗಳ ಆಡ್ತೀವಿ," ಅಂದ ಪೃಥ್ವಿ.

ಆಗಾ ಮೀಸೆಯೊಳಗೆ ನಕ್ಕ. ಮರ್ಜಿಯಾ ಸೌಟು ತಂದು ಸ್ಟೀಲು ತಟ್ಟೆಗಳಿಗೆ ಬಡಿಸಿದಳು.

ಜಲಜಾ ಒಂದು ಚೂರು ಬಾಯಿಗಿಟ್ಟು ಕಣ್ಣರಳಿಸಿದಳು. "ಅತ್ತೆ, ಇದು ಬದನೆಕಾಯಿ ಮೊಸರುಬಜ್ಜಿ. ನಾವು ಸುಟ್ಟು ಮಾಡ್ತೀವಿ, ಇವಳು ಕರಿದು ಮಾಡಿದಾಳೆ, ಅಷ್ಟೇ."

"ಬೆಳ್ಳುಳ್ಳಿ ಹಾಕಿದಾಳೆ," ಅಂದರು ರಾಯರು, ಅಜ್ಜಿಗೆ ಎಚ್ಚರಿಕೆ ಕೊಡುವ ಹಾಗೆ.

"ನನಗೆ ವಾಸನೆ ಸರಿಯಾಗಿ ಗೊತ್ತಾಗಲ್ಲಪ್ಪ," ಅಂದು ಅಜ್ಜಿ ಇನ್ನಷ್ಟು ಹಾಕಿಸಿಕೊಂಡರು.

ಪೃಥ್ವಿ ಉಣ್ಣಲಿಲ್ಲ, ಅಪ್ಪನ ಕೈಯನ್ನೇ ನೋಡುತ್ತ ಕೂತ. ಆ ಕೈ ಬೊಲಾನಿಯ ತುದಿಯನ್ನು ಮುರಿಯಿತು. ಮೂಗಿನ ಹತ್ತಿರ ತಂದಿತು. ಬಾಯಿಗಿಟ್ಟಿತು. ಅಪ್ಪ ಬಹಳ ಹೊತ್ತು ಅಗಿದರು. ಆಮೇಲೆ ಇನ್ನೊಂದು ತುಂಡು. ಆಮೇಲೆ ಹಸಿರು ಚಟ್ನಿಯ ಕಡೆ ಬೆರಳು ತೋರಿಸಿದರು. ಎರಡನೆಯ ಬೊಲಾನಿಗೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ.

ಏಲಕ್ಕಿ ಹಾಕಿದ ಹಸಿರು ಚಹಾ ಬಂದಾಗ ರಾಯರು ಗೋಡೆಗೆ ಒರಗಿದ್ದರು. "ಕಾಬೂಲಿನಲ್ಲೂ ಹೋಟೆಲೇ ಇತ್ತಾ?" ಅಂತ ಹಿಂದಿಯಲ್ಲಿ ಕೇಳಿದರು.

"ಇಲ್ಲ. ಕರೆಂಟಿನ ದಫ್ತರಿನಲ್ಲಿ ಕೆಲಸ. ಬಿಲ್ಲು ಬರೀತಿದ್ದೆ."

ರಾಯರು ನೆಟ್ಟಗೆ ಕೂತರು. "ಯಾವ ಸೆಕ್ಷನ್ನು?"

ಆಮೇಲಿನ ಮಾತು ಮೇಲಧಿಕಾರಿಗಳದು, ರಜೆ ಕೊಡದವರದು, ಕೆಲಸ ಮಾಡದೆ ಬಡ್ತಿ ಪಡೆದವರದು. ಇಬ್ಬರಿಗೂ ಅರ್ಧರ್ಧ ಬರುವ ಹಿಂದಿಯಲ್ಲಿ ಅದು ಚಹಾ ಎರಡು ಸಲ ಬರುವವರೆಗೂ ನಡೆಯಿತು. ಮೇಲೆ ಬಂದು ರಾಯರು ತೇಗಿದರು. "ಚೆನ್ನಾಗಿತ್ತು," ಅಂದರು ಗೋಡೆಗೆ. ಪೃಥ್ವಿಗೆ ಅಷ್ಟು ಸಾಕಾಯಿತು. ಸಂಜೆ ತಾನೇ ಕೇಳಿಕೊಂಡು ಹೋಗಿ ಅಮ್ಮನಿಗೆ ಹಿಟ್ಟು ಬೀಸಿಸಿಕೊಂಡು ಬಂದ.

ಬುಧವಾರ ಮಂಡಿಯಿಂದ ಗಜ್ಜರಿ ಹೊತ್ತು ಬಂದಾಗ ನೂರ್ ಆಗಾ ಅವನ ಕೈಯಿಂದ ಮೂಟೆ ಇಸಿದುಕೊಳ್ಳಲಿಲ್ಲ.

"ನಾಳೆಯಿಂದ ಬರಬೇಡ."

"ಯಾಕೆ?"

"ನಿನ್ನಪ್ಪ ದಸ್ತಖತ್ ಮಾಡಿದಾನೆ. ಮಾಲೀಕನ ಆಳು ಬಂದು ಕಾಗದದ ನಕಲು ತೋರಿಸಿ ಹೋದ. ಭಾನುವಾರದ ಮೀಟಿಂಗಿನಲ್ಲಿ ಓದಿ ಮಾಲೀಕನಿಗೆ ಕೊಡ್ತಾರಂತೆ, ಆಮೇಲೆ ತಿಂಗಳೊಳಗೆ ಖಾಲಿ ಮಾಡ್ಬೇಕಂತೆ." ಆಗಾ ಇದ್ದಿಲು ಕೆದಕುತ್ತಲೇ ಇದ್ದ. "ನನ್ನ ಜಗಲಿ ಮೇಲೆ ಕೂತು ತಿಂದ. ನಾನು ಅವನ ಕೈಗೆ ನೀರು ಹೊಯ್ದೆ."

"ಸುಳ್ಳಿರಬೇಕು ಆಗಾ. ನಾನು ಕೇಳ್ಕೊಂಡು..."

"ಹೋಗು ಮೇಲೆ."

ಪೃಥ್ವಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಅಪ್ಪ ಇನ್ನೂ ಕಚೇರಿಯಿಂದ ಬಂದಿರಲಿಲ್ಲ. ಜಲಜಾ ಕೆಳಗಿನ ತಟ್ಟೆಗೆ ಚಕ್ಕುಲಿ ಜೋಡಿಸುತ್ತಿದ್ದಳು.

"ಕಳಿಸಬೇಡ. ಅವರು ತಗೊಳ್ಳಲ್ಲ."

"ಯಾಕೋ?"

ಹೇಳಿದ. ಜಲಜಾ ಚಕ್ಕುಲಿಯನ್ನು ವಾಪಸು ಡಬ್ಬಿಗೆ ಹಾಕಲೂ ಇಲ್ಲ, ತಟ್ಟೆ ಎತ್ತಲೂ ಇಲ್ಲ. ಅದರ ಮೇಲೊಂದು ಬಟ್ಟೆ ಮುಚ್ಚಿ ಹಾಗೇ ಬಿಟ್ಟಳು.

ರಾಯರು ಬಂದು ಬೂಟು ಬಿಚ್ಚುವಷ್ಟು ಹೊತ್ತೂ ಪೃಥ್ವಿ ಬಿಡಲಿಲ್ಲ. "ಸಹಿ ಹಾಕಿದ್ರಾ?"

ರಾಯರು ಹೆಂಡತಿಯ ಕಡೆ ತಿರುಗಿದರು. "ಅಮ್ಮನನ್ನ ಯಾಕೆ ನೋಡ್ತೀರಿ?" ಅಂದ ಪೃಥ್ವಿ. "ನನ್ನನ್ನ ನೋಡಿ ಹೇಳಿ. ಸಹಿ ಹಾಕಿದ್ರಾ?"

"ಹಾಕಿದೆ. ಆದ್ರೆ ಅದು ನೀನು ತಿಳ್ಕೊಂಡ ಹಾಗಲ್ಲ." ದನಿ ತಗ್ಗಿತ್ತು. "ಆ ಭಾಟಿಯಾ ಬೂತಿನ ಹತ್ರ ನಾಲ್ಕು ಜನರ ಮುಂದೆ ಕಾಗದ ಹಿಡಿದ. ಸಹಿ ಹಾಕಿ ಕೆಳಗೆ 'ನೋಡಿದೆ' ಅಂತ ಬರೆದು ತಾರೀಖು ಹಾಕಿದೆ. ಆಫೀಸಿನಲ್ಲಿ ಸುತ್ತೋಲೆ ಬಂದ್ರೆ ಹಾಗೇ ಮಾಡೋದು. ನಮ್ಮ ಮೇಜಿಗೆ ಬಂತು, ನಾವು ನೋಡಿದ್ವಿ, ಮುಂದಿನ ಮೇಜಿಗೆ ಹೋಯ್ತು. ಒಪ್ಪಿಗೆ ಅಂತ ಅರ್ಥ ಅಲ್ಲ. ಯಾರನ್ನ ಬೇಕಾದ್ರೂ ಕೇಳು."

"ಇದು ಆಫೀಸಲ್ಲ ಅಪ್ಪ. ಆ ಕಾಗದ ನಿಮ್ಮ ಮೇಜಿಗೆ ಬಂದಿರ್ಲಿಲ್ಲ. ಅವರ ಕುತ್ತಿಗೆಗೆ ಬಂದಿತ್ತು."

"ನಾನು ವಿರೋಧ ಅಂತ ಎಲ್ಲೂ ಬರೆದಿಲ್ಲ."

"ಬೇಕು ಅಂತಾನೂ ಬರೆದಿಲ್ಲ. ನಿಮ್ಮ ಜನ್ಮದಲ್ಲಿ ಒಂದು ಸಲ ಹೌದು ಅಂತಾನೋ ಇಲ್ಲ ಅಂತಾನೋ ಬಾಯಿಬಿಟ್ಟು ಹೇಳಿದೀರಾ? ಬೆತ್ತ ಮುರಿದ್ನಲ್ಲ ನಾನು, ಆ ದಿನ ಸ್ಕೂಲಿಗೆ ಬಂದು ಏನಂದ್ರಿ? ಹೆಡ್‌ಮೇಷ್ಟ್ರು ಹೇಳಿದ್ದಕ್ಕೂ ತಲೆ ಆಡಿಸಿದ್ರಿ, ನಾನು ಹೇಳಿದ್ದಕ್ಕೂ ತಲೆ ಆಡಿಸಿದ್ರಿ."

"ಪೃಥ್ವಿ, ಸಾಕು," ಅಂದಳು ಜಲಜಾ.

"ಅವನು ನನ್ನ ಕೆಲಸದಿಂದ ತೆಗೆದ ಅಮ್ಮ. ಅವನದೂ ತಪ್ಪಲ್ಲ."

ರಾಯರು ಬೂಟಿನೊಳಗೆ ಕಾಲುಚೀಲ ತುರುಕಿ ಒಳಗೆ ಹೋದರು. ಜಲಜಾ ಗಂಡನ ಹಿಂದೆ ಹೋಗಿ ಬಾಗಿಲಲ್ಲಿ ನಿಂತಳು. "ನೀವು ಏನು ಬರೆದ್ರೋ ನನಗೆ ಗೊತ್ತಾಗಲ್ಲ. ನಾಳೆ ಮೆಟ್ಟಿಲಲ್ಲಿ ಅವಳು ಎದುರು ಸಿಕ್ಕಿದ್ರೆ ನಾನು ಎಲ್ಲಿ ನೋಡ್ಲಿ, ಅದನ್ನೊಂದು ಹೇಳಿ."

ಆ ನಾಲ್ಕು ದಿನ ಮನೆಯಲ್ಲಿ ಯಾರೂ ಒಂದು ಕಡೆ ನಿಲ್ಲಲಿಲ್ಲ. ಜಲಜಾ ಮೆಟ್ಟಿಲಿಳಿಯುವ ಮೊದಲು ಬಗ್ಗಿ ನೋಡಿ, ಕೆಳಗೆ ಯಾರೂ ಇಲ್ಲದಾಗ ತರಕಾರಿಗೆ ಓಡುವಳು. ಮುಚ್ಚಿಟ್ಟ ತಟ್ಟೆಯಲ್ಲಿ ಚಕ್ಕುಲಿ ಮೆತ್ತಗಾಯಿತು. ಪೃಥ್ವಿ ಬೆಳಿಗ್ಗೆ ಬಸ್ಸು ಹಿಡಿದು ಫರೀದಾಬಾದಿನಲ್ಲಿ ಗೇಟಿಂದ ಗೇಟಿಗೆ ಅಲೆದು ಬಂದ. ಬೋಲ್ಟು ತುಂಬುವ ಕೆಲಸವೂ ಇರಲಿಲ್ಲ. ರಾಯರಿಗೆ ಸಾರಿನಲ್ಲಿ ಉಪ್ಪು ಹೆಚ್ಚು, ಪಲ್ಯದಲ್ಲಿ ಕಮ್ಮಿ. ಉಣ್ಣುವಾಗ ಹೊಗೆ ಬಂದರೂ ಶುರುವಾಯ್ತು ಅನ್ನಲಿಲ್ಲ.

"ಏನೋ, ಮೂಗು ಕಟ್ಟಿದೆಯಾ?" ಅಂದರು ಅಜ್ಜಿ.

ಭಾನುವಾರ ಪಾರ್ಕಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಚಳಿಗೆ ಎಲ್ಲರೂ ಬಿಸಿಲು ಬಿದ್ದ ಕಡೆಗೇ ಕುರ್ಚಿ ಎಳೆದುಕೊಂಡು ಕಡಲೆಕಾಯಿ ಸುಲಿಯುತ್ತಿದ್ದರು. ರಾಯರು ಬಸವಲಿಂಗಪ್ಪನ ಪಕ್ಕ ಕೂತಿದ್ದರು. ಅವರು ಬರುತ್ತಾರೆಂದು ಪೃಥ್ವಿ ಅಂದುಕೊಂಡಿರಲಿಲ್ಲ. ಅವನು ಜಾರುಬಂಡೆಯ ಹತ್ತಿರ ನಿಂತ. ಗಲಾಟೆ ಮಾಡಬೇಕು, ಕಾಗದ ಕಿತ್ತು ಹರಿಯಬೇಕು, ಆಮೇಲೆ ಏನಾದರೂ ಆಗಲಿ ಅಂತಲೇ ಬಂದಿದ್ದ.

ಭಾಟಿಯಾ ಅರ್ಜಿ ಓದಿದ. ಹೆಸರುಗಳನ್ನೂ ಓದಿದ. "ಮತ್ತು ಮೊದಲ ಮಹಡಿಯ ಗೋಪಾಲ್ ಜೀ, ಎಲ್ಲರಿಗಿಂತ ಹೆಚ್ಚು ಕಷ್ಟ ಪಡ್ತಿರೋರು. ಅವರೇ ಸಹಿ ಹಾಕಿದ ಮೇಲೆ ಇನ್ನು ಮಾತಿಲ್ಲ."

ಪೃಥ್ವಿ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಅಪ್ಪ ಎದ್ದರು. ಬಸವಲಿಂಗಪ್ಪ ಸ್ವೆಟರಿನ ಅಂಚು ಹಿಡಿದು ಎಳೆದದ್ದು ಕಂಡಿತು.

"ನಾವು ಅಲ್ಲಿ ಊಟ ಮಾಡಿದೀವಿ," ಅಂದರು ರಾಯರು ಹಿಂದಿಯಲ್ಲಿ. ಹಿಂದಿನ ಕುರ್ಚಿಯವರಿಗೆ ಕೇಳಲಿಲ್ಲ. ಇನ್ನೊಮ್ಮೆ ಅಂದರು. "ಮನೆಮಂದಿಯೆಲ್ಲ. ಹೋದ ಭಾನುವಾರ."

ಕಡಲೆಕಾಯಿ ಸುಲಿಯುವುದು ನಿಂತಿತು. ಹಿಂದಿನಿಂದ ಯಾರೋ ನಕ್ಕರು. "ಗೋಪಾಲ್ ಜೀ, ಈ ವಯಸ್ಸಿನಲ್ಲಿ ಕಬಾಬ್ ಶುರು ಮಾಡಿದ್ರಾ?"

"ಬದನೆಕಾಯಿ ತಿಂದ್ವಿ," ಅಂದರು ರಾಯರು. ಕಿವಿ ಕೆಂಪಗಾಗಿತ್ತು. "ಚೆನ್ನಾಗಿತ್ತು."

"ಅದಿರಲಿ," ಅಂದ ಭಾಟಿಯಾ. "ಹೊಗೆ ಬರುತ್ತೋ ಇಲ್ವೋ?"

"ಬರುತ್ತೆ."

"ತೊಂದರೆ ಇದೆಯೋ ಇಲ್ವೋ?"

"ಇದೆ." ಪೃಥ್ವಿ ಕಾಗದದ ಕಡೆ ಇನ್ನೊಂದು ಹೆಜ್ಜೆ ಇಟ್ಟ. ರಾಯರು ಅಲ್ಲಿಗೇ ನಿಲ್ಲಿಸಲಿಲ್ಲ. "ಹೊಗೆಕೊಳವೆ ಎತ್ತರ ಮಾಡಿಸಿದ್ರೆ ತೊಂದರೆ ಇರಲ್ಲ. ಮುಚ್ಚಿ ಅಂತ ನಾನು ಹೇಳಿಲ್ಲ. ಆ ಕಾಗದ ಕೊಡಿ."

"ಸಹಿ ಹಾಕಿ ಆಗಿದೆ, ಈಗ ಯಾಕೆ?"

"ನನ್ನ ಸಹಿ. ಕೊಡಿ."

ಭಾಟಿಯಾ ಕಾಗದವನ್ನು ಕೈಯಿಂದ ಬಿಡಲಿಲ್ಲ. ಹಿಡಿದುಕೊಂಡೇ ಮುಂದೆ ಚಾಚಿದ. ರಾಯರು ಜೇಬಿನಿಂದ ಪೆನ್ನು ತೆಗೆದರು. ಅವನ ಕೈಯಲ್ಲಿದ್ದ ಕಾಗದದ ಮೇಲೆಯೇ ತಮ್ಮ ಹೆಸರಿಗೆ ಅಡ್ಡಗೆರೆ ಎಳೆದರು. ಗೆರೆ ನೇರವಾಗಿತ್ತು. ಆಮೇಲೆ, ಕಚೇರಿಯಲ್ಲಿ ಯಾವುದೇ ಕಾಟು ಹಾಕಿದರೂ ಮಾಡಬೇಕಾದ ಹಾಗೆ, ಗೆರೆಯ ಪಕ್ಕ ಪುಟ್ಟದಾಗಿ ಮತ್ತೆ ಸಹಿ ಹಾಕಿ ತಾರೀಖು ಬರೆದರು.

"ಮಾಲೀಕರಿಗೆ ಇದನ್ನೂ ಹೇಳ್ತೀನಿ," ಅಂದ ಭಾಟಿಯಾ. "ನಿಮ್ಮ ಬಾಡಿಗೆ ಕರಾರೂ ಮಾರ್ಚಿಗೆ ಮುಗಿಯುತ್ತಲ್ಲ."

"ಹೇಳಿ."

ಬಸವಲಿಂಗಪ್ಪ ಎದ್ದು ನಿಂತಿದ್ದರು. "ರಾಯರೇ, ನಮ್ಮ ಕನ್ನಡ ಸಂಘದಲ್ಲಿ ನಾಳೆಯೇ ಎಲ್ಲರಿಗೂ ಗೊತ್ತಾಗುತ್ತೆ ಇದು," ಅಂದರು ಕನ್ನಡದಲ್ಲಿ, ಮೆಲ್ಲಗೆ. ರಾಯರಿಗೆ ಕಾಯದೆ ಹೊರಟುಹೋದರು. ದಿನಾ ಅವರಿಬ್ಬರೂ ಕಚೇರಿಗೆ ಹೋಗುತ್ತಿದ್ದುದು ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ.

ಗಲ್ಲಿಯಲ್ಲಿ ಅಪ್ಪ ಮುಂದೆ, ಮಗ ಎರಡು ಹೆಜ್ಜೆ ಹಿಂದೆ. ಪೃಥ್ವಿಯ ಕೈ ಇನ್ನೂ ಮುಷ್ಟಿಯಾಗಿಯೇ ಇತ್ತು. ಹೊಡೆಯಲು ಯಾರೂ ಸಿಕ್ಕಿರಲಿಲ್ಲ.

"ಸಹಿ ಕೇಳಿದ ದಿನವೇ ಹೀಗೆ ಮಾಡಬಹುದಿತ್ತು," ಅಂದ.

"ಹ್ಞೂಂ."

"ಬೂತಿನ ಹತ್ರ ಇದ್ದೋರು ನಾಲ್ಕೇ ಜನ. ಇಲ್ಲಿ ಇಡೀ ಮೊಹಲ್ಲಾ ಇತ್ತು."

"ಗೊತ್ತು," ಅಂದರು ರಾಯರು. "ಹೊಗೆಕೊಳವೆ ವಿಷಯ ಅವನಿಗೆ ಹೇಳು. ಬೇಗ ಎತ್ತರ ಮಾಡಿಸ್ಲಿ. ಇಲ್ದಿದ್ರೆ ನಾನೇ ಅರ್ಜಿ ಬರೀತೀನಿ, ಸುಳ್ಳಲ್ಲ."

"ನಾನು ಹೇಗೆ ಹೇಳ್ಲಿ? ನನ್ನ ಬರಬೇಡ ಅಂದಿದಾನೆ."

ರಾಯರು ಹೋಟೆಲಿನ ಮುಂದೆ ನಿಂತರು. ಹೊರಗಿನ ಕೊಕ್ಕೆಗೆ ಚರ್ಮ ಸುಲಿದ ಕುರಿ ತೂಗುತ್ತಿತ್ತು. ಅದನ್ನು ನೋಡದ ಹಾಗೆ ಮುಖ ಒಂದು ಕಡೆ ಮಾಡಿಕೊಂಡು, ಮೈ ಓರೆ ಮಾಡಿ, ಅವರು ಒಬ್ಬರೇ ಒಳಗೆ ಹೋದರು.

ಪೃಥ್ವಿ ರಸ್ತೆಯಲ್ಲೇ ಉಳಿದ. ಗಾಜಿನ ಆಚೆ ನೂರ್ ಆಗಾ ಕೂತು ಕಡ್ಡಿಗೆ ಮಾಂಸದ ತುಂಡು ಪೋಣಿಸುತ್ತಿದ್ದ. ಅಪ್ಪನನ್ನು ಕಂಡರೂ ಏಳಲಿಲ್ಲ. ಅಪ್ಪ ಏನೋ ಹೇಳುತ್ತಿದ್ದರು. ಎರಡು ಕೈಯೂ ಹಿಂದೆ ಕಟ್ಟಿಕೊಂಡು, ಅಧಿಕಾರಿಯ ಮುಂದೆ ನಿಂತವರ ಹಾಗೆ. ಆಗಾ ಒಂದು ಕಡ್ಡಿ ಮುಗಿಸಿದ, ಇನ್ನೊಂದು ತೆಗೆದುಕೊಂಡ. ಅಪ್ಪ ಹೇಳುತ್ತಲೇ ಇದ್ದರು. ಅಡುಗೆಕೋಣೆಯ ಬಾಗಿಲಿಗೆ ಮರ್ಜಿಯಾ ಬಂದು ನಿಂತಳು.

ಆಗಾನ ಎರಡು ಕೈಯೂ ಕೊಬ್ಬಿನಿಂದ ಜಿಡ್ಡಾಗಿದ್ದವು. ಕಡ್ಡಿಯಿಂದ ಕಣ್ಣು ತೆಗೆಯದೆ, ಮೇಜಿನಡಿಯಿದ್ದ ಸ್ಟೂಲನ್ನು ಕಾಲಿನಿಂದ ಅಪ್ಪನ ಕಡೆಗೆ ನೂಕಿದ.

ಅಪ್ಪ ಕೂತರು.